ನಳದ ನೀರಿಗೆ ಗಟಾರದ ವಾಸನೆ ಬಂದರೆ ಏನು ಮಾಡಬೇಕು?

ಹೋದ ಬೇಸಿಗೆಯ ಒಂದು ಮುಂಜಾನೆ ನಮ್ಮ ಓಣಿಗೆ ನೀರು ಬಿಟ್ಟಿದ್ದರು. ಕೊಡ ಹಿಡಿದ ಕೂಡಲೇ ಮೂಗಿಗೆ ಗೊತ್ತಾಯಿತು. ನೀರು ತಿಳಿಯಾಗಿಯೇ ಇತ್ತು, ಆದರೆ ಗಟಾರದ ವಾಸನೆ ಬರುತ್ತಿತ್ತು. ಓಣಿಯ ತುದಿಯಲ್ಲಿ ವಾಲ್ವ್ ತಿರುವುತ್ತಿದ್ದ ವಾಲ್ವ್‌ಮನ್ ಹತ್ತಿರ ಹೋಗಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಾರ ಮನಿಗೂ ಹಿಂಗ ಬರ್ತದೋ, ನಿಮ್ಮ ಮನಿಗೆ ಅಷ್ಟೇನೋ? ಅದನ್ನ ಮೊದಲು ನೋಡ್ರಿ ಅಕ್ಕಾ."

ಆ ಪ್ರಶ್ನೆಯ ಬೆಲೆ ನನಗೆ ಆಮೇಲೆ ತಿಳಿಯಿತು. ಅದನ್ನೇ ಹಿಡಿದು ಹೋಗಿದ್ದರಿಂದ ನಮ್ಮ ಓಣಿಯ ತೊಂದರೆ ಎರಡೇ ಗುಂಡಿ ಅಗೆಯುವಷ್ಟರಲ್ಲಿ ಸಿಕ್ಕಿತು.

ರಾಯಚೂರಿನವರಿಗೆ ಇದು ಸಣ್ಣ ವಿಷಯವಲ್ಲ. 2022ರ ಮೇ ಕೊನೆಯಲ್ಲಿ ಕಲುಷಿತ ನೀರು ಕುಡಿದು ಇಲ್ಲಿ ಬಹಳ ಜನ ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದರು. ಜೀವಗಳೂ ಹೋದವು. ಹಾಗಾಗಿ ವಾಸನೆ ಬಂದ ಆ ಮೊದಲ ಗಂಟೆಯಿಂದಲೇ ಶುರುಮಾಡೋಣ.

ಆ ನೀರನ್ನು ಕುಡಿಯಬೇಡಿ, ಅಡುಗೆಗೂ ಬಳಸಬೇಡಿ. ಬೇರೆ ನೀರು ಇಲ್ಲವೇ ಇಲ್ಲ ಎಂದರೆ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿ. ಕುದಿ ಬಂದ ಮೇಲೂ ಒಂದೆರಡು ನಿಮಿಷ ಒಲೆಯ ಮೇಲೆಯೇ ಇರಲಿ. ಬರೀ ಬಟ್ಟೆಯಲ್ಲಿ ಸೋಸಿದರೆ ಕ್ರಿಮಿ ಹೋಗುವುದಿಲ್ಲ. ನಳದಿಂದ ಸಂಪಿಗೆ ಹೋಗುವ ದಾರಿಯನ್ನು ತಕ್ಷಣ ಬಂದ್ ಮಾಡಿ, ಇಲ್ಲದಿದ್ದರೆ ಹಳೆಯ ಒಳ್ಳೆಯ ನೀರೂ ಕೆಡುತ್ತದೆ. ಒಂದು ಸ್ವಚ್ಛ ಬಾಟಲಿಯಲ್ಲಿ ಆ ನೀರು ಹಿಡಿದು, ಮೇಲೆ ದಿನ ಮತ್ತು ಸಮಯ ಬರೆದಿಡಿ. ಮನೆಯಲ್ಲಿ ಯಾರಿಗಾದರೂ ಭೇದಿ ಶುರುವಾದರೆ ಓಆರ್‌ಎಸ್ ಕುಡಿಸುತ್ತಾ ಆಸ್ಪತ್ರೆಗೆ ಕರೆದೊಯ್ಯಿರಿ. ಮಕ್ಕಳು, ವಯಸ್ಸಾದವರ ವಿಷಯದಲ್ಲಿ ಒಂದು ದಿನವೂ ಕಾಯಬೇಡಿ.

ನೀರು ಎಲ್ಲಿ ಕೆಡುತ್ತದೆ?

ನಮ್ಮ ಊರಿಗೆ ಎರಡು ನದಿಗಳ ನೀರು ಬರುತ್ತದೆ. ಕೃಷ್ಣೆಯ ನೀರನ್ನು ದೇವಸೂಗೂರಿನ ಕಡೆಯಿಂದ ಎತ್ತಿ ಚಿಕ್ಕಸುಗೂರಿನಲ್ಲಿ ಶುದ್ಧ ಮಾಡುತ್ತಾರೆ. ತುಂಗಭದ್ರೆಯ ನೀರು ಎಡದಂಡೆ ಕಾಲುವೆಯಲ್ಲಿ ಹರಿದು ರಾಂಪುರ ಕೆರೆಗೆ ಬರುತ್ತದೆ. ಶುದ್ಧೀಕರಣ ಘಟಕದಲ್ಲಿ ಆಲಂ (ಪಟಿಕ) ಹಾಕಿ ಕೆಸರು ತಳಕ್ಕಿಳಿಸುತ್ತಾರೆ, ಮರಳಿನ ಹಾಸಿನಲ್ಲಿ ಸೋಸುತ್ತಾರೆ, ಕ್ಲೋರಿನ್ ಬೆರೆಸಿ ಕನಿಷ್ಠ ಅರ್ಧ ಗಂಟೆ ಬಿಡುತ್ತಾರೆ. ಅಲ್ಲಿಂದ ಓವರ್‌ಹೆಡ್ ಟ್ಯಾಂಕ್, ಟ್ಯಾಂಕಿನಿಂದ ಓಣಿಯ ಪೈಪು, ಓಣಿಯ ಪೈಪಿನಿಂದ ನಿಮ್ಮ ನಳ.

ಘಟಕದಲ್ಲೇ ಕೆಟ್ಟರೆ ಇಡೀ ಬಡಾವಣೆಯ ನೀರು, ಒಮ್ಮೊಮ್ಮೆ ಅರ್ಧ ಊರಿನ ನೀರು ಕೆಡುತ್ತದೆ. ಆಗ ಸಾಮಾನ್ಯವಾಗಿ ರಾಡಿ ಕಾಣುತ್ತದೆ ಅಥವಾ ಪಾಚಿಯ ವಾಸನೆ ಬರುತ್ತದೆ. ಗಟಾರದ ವಾಸನೆ ಒಂದೇ ಓಣಿಯಲ್ಲಿ ಬಂದರೆ ಲೋಪ ಹೆಚ್ಚಾಗಿ ಆ ಓಣಿಯಲ್ಲೇ ಇರುತ್ತದೆ.

ಪೈಪಿನಲ್ಲಿ ತೂತಿದ್ದರೆ ನೀರು ಹೊರಗೆ ಸೋರಬೇಕು, ಹೊಲಸು ಒಳಗೆ ಹೇಗೆ ಹೋಗುತ್ತದೆ ಎಂದು ಕೇಳುತ್ತೀರಿ ಅಲ್ವಾ? ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡ ಇರುತ್ತದೆ, ಆಗ ನೀರು ಹೊರಗೇ ಸೋರುತ್ತದೆ. ವಾಲ್ವ್ ಬಂದ್ ಮಾಡಿದ ಮೇಲೆ ಪೈಪು ಖಾಲಿಯಾಗುತ್ತಾ ಹೋಗುತ್ತದೆ. ಇಳಿಜಾರಿನ ಕಡೆ ನೀರು ಜಾರುವಾಗ ಹಿಂದೆ ಗಾಳಿಯ ಎಳೆತ ಹುಟ್ಟುತ್ತದೆ. ಸ್ಟ್ರಾದಿಂದ ಎಳನೀರು ಎಳೆದ ಹಾಗೆ, ತೂತಿನ ಸುತ್ತ ನಿಂತ ಹೊಲಸು ಒಳಗೆ ಬರುತ್ತದೆ. ಮುಂದಿನ ಸಲ ನೀರು ಬಿಟ್ಟಾಗ ಮೊದಲು ನಿಮ್ಮ ಕೊಡಕ್ಕೆ ಬೀಳುವುದು ಅದೇ. ದಿನವಿಡೀ ನೀರು ತುಂಬಿರುವ ಪೈಪಿಗಿಂತ ನಾಲ್ಕು ದಿನಕ್ಕೊಮ್ಮೆ ತುಂಬುವ ಪೈಪಿನಲ್ಲಿ ಈ ಅಪಾಯ ಬಹಳ ಜಾಸ್ತಿ.

ನಳಕ್ಕೆ ನೇರವಾಗಿ ಮೋಟಾರ್ ಹಚ್ಚುವುದು ಈ ಎಳೆತವನ್ನು ಇನ್ನೂ ಹೆಚ್ಚಿಸುತ್ತದೆ. ನೀರು ಬರುವ ಹೊತ್ತಿನಲ್ಲೂ ಹೊಲಸು ಒಳಗೆ ಬರುವಂತೆ ಮಾಡುವುದು ಇದೇ. ಇದನ್ನು ದಯವಿಟ್ಟು ನಿಲ್ಲಿಸಿ. ನೀವು ಎಳೆದ ಹೊಲಸು ಪಕ್ಕದ ಮನೆಯ ಮಗುವಿನ ಲೋಟಕ್ಕೆ ಹೋಗುತ್ತದೆ. ನೀರು ಮೊದಲು ತಾನಾಗಿ ಸಂಪಿಗೆ ಬೀಳಲಿ, ಸಂಪಿನಿಂದ ಮೇಲಕ್ಕೆ ಮೋಟಾರ್ ಹಚ್ಚಿ.

ನಮ್ಮ ಕಡೆಯ ಮಣ್ಣಿನ ಪಾತ್ರವೂ ಇದರಲ್ಲಿದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಅದರ ಜೊತೆ ಹಳೆಯ ಪೈಪಿನ ಜಾಯಿಂಟ್‌ಗಳೂ ಸಡಿಲವಾಗುತ್ತವೆ. ನೀರಿನ ಪೈಪು ಒಳಚರಂಡಿ ಪೈಪಿನಿಂದ 3 ಮೀಟರ್ ದೂರ ಇರಬೇಕು, ದಾಟಲೇಬೇಕಾದ ಕಡೆ ಅರ್ಧ ಮೀಟರ್ ಮೇಲಿರಬೇಕು ಎಂಬುದು ಇಂಜಿನಿಯರುಗಳ ನಿಯಮ. ಇಕ್ಕಟ್ಟಿನ ಹಳೆ ಓಣಿಗಳಲ್ಲಿ ರಸ್ತೆಯೇ 3 ಮೀಟರ್ ಇರುವುದಿಲ್ಲ.

ಓಣಿಯ ಲೆಕ್ಕ ಬರೆಯಿರಿ

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಕೆಲಸ ಇದು. ಒಂದು ಹಾಳೆಯಲ್ಲಿ ವಾಲ್ವಿನಿಂದ ಶುರುಮಾಡಿ ಮನೆಗಳನ್ನು ಸಾಲಾಗಿ ಗುರುತು ಮಾಡಿ. ಮುಂದಿನ ಸಲ ನೀರು ಬಂದಾಗ ಪ್ರತಿ ಮನೆಯಲ್ಲೂ ಕೇಳಿ: ವಾಸನೆ ಇದೆಯೇ? ಎಷ್ಟು ನಿಮಿಷ ಇತ್ತು? ನೀರಿನ ರಭಸ ಹೇಗಿದೆ? ವಾಲ್ವಿನ ಹತ್ತಿರದ ಮನೆಗಳಲ್ಲಿ ಚೆನ್ನಾಗಿ ಬಂದು, ಒಂದು ಮನೆಯಿಂದ ಆಚೆಗೆ ವಾಸನೆ ಶುರುವಾದರೆ, ತೂತು ಆ ಮನೆಯ ಆಸುಪಾಸಿನಲ್ಲೇ ಇದೆ ಎಂದುಕೊಳ್ಳಬಹುದು. ಮೊದಲ ಹತ್ತು ನಿಮಿಷ ವಾಸನೆ ಇದ್ದು ಆಮೇಲೆ ಹೋದರೆ, ನೀರು ಇಲ್ಲದ ಹೊತ್ತಿನಲ್ಲಿ ಹೊಲಸು ಒಳಗೆ ಸೇರುತ್ತಿದೆ. ಕೊನೆಯವರೆಗೂ ವಾಸನೆ ಇದ್ದರೆ ಯಾರೋ ಮೋಟಾರ್ ಹಚ್ಚಿರಬಹುದು.

ನಿಮ್ಮ ಮನೆಗೆ ಮಾತ್ರ ವಾಸನೆ ಬಂದರೆ ನಿಮ್ಮದೇ ಪೈಪು ನೋಡಿ. ಮುಖ್ಯ ಪೈಪಿನಿಂದ ಮನೆಗೆ ಸಂಪರ್ಕ ಕೊಡುವ ಜಾಗಕ್ಕೆ ಫೆರೂಲ್ ಎನ್ನುತ್ತಾರೆ. ಅಲ್ಲಿಂದ ಈಚೆಯ ಪೈಪನ್ನು ನೋಡಿಕೊಳ್ಳುವುದು ಸಾಮಾನ್ಯವಾಗಿ ಮನೆಯವರ ಕೆಲಸ. ಈ ಪೈಪುಗಳು ಎಷ್ಟೋ ಕಡೆ ಗಟಾರದೊಳಗೇ ಹಾದುಹೋಗಿರುತ್ತವೆ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಾದರೆ ಹೊಲಸು ನೀರಿನಲ್ಲಿ ನೆನೆದು ತುಕ್ಕು ತಿಂದಿರುತ್ತದೆ. ಗಟಾರದ ಮಟ್ಟಕ್ಕಿಂತ ಮೇಲಕ್ಕೆ ಎತ್ತಿಸಿ, ಹೊಸ ಪೈಪು ಹಾಕಿಸಿ. ಸಂಪಿನ ಪಕ್ಕದಲ್ಲೇ ಒಳಚರಂಡಿಯ ಚೇಂಬರ್ ಇದ್ದರೆ ಅದನ್ನೂ ತೆಗೆಸಿ ನೋಡಿ. ಕಟ್ಟಿಕೊಂಡ ಚೇಂಬರ್ ಪಕ್ಕದ ಸಂಪಿಗೆ ಜಿನುಗುವುದುಂಟು.

ದೂರು ಕೊಡುವ ಹಂತ

ಪಾಲಿಕೆಯ ನೀರು ಸರಬರಾಜು ವಿಭಾಗಕ್ಕೆ ಬರವಣಿಗೆಯಲ್ಲಿ ಕೊಡಿ. "ನೀರು ಸರಿ ಇಲ್ಲ" ಎಂದಷ್ಟೇ ಬರೆದರೆ ಜೆಇ (ಜೂನಿಯರ್ ಇಂಜಿನಿಯರ್) ಎಲ್ಲಿ ಅಗೆಯಬೇಕು? ವಾರ್ಡ್, ಓಣಿ, ನೀರು ಬಿಟ್ಟ ಸಮಯ, ವಾಸನೆ ಶುರುವಾಗುವ ಮನೆ, ಹತ್ತಿರದ ಮ್ಯಾನ್‌ಹೋಲ್ ಉಕ್ಕುತ್ತಿದೆಯೇ, ಇಷ್ಟನ್ನೂ ಬರೆಯಿರಿ. ನಿಮ್ಮ ಓಣಿಯ ಹಾಳೆಯ ಪ್ರತಿ ಲಗತ್ತಿಸಿ. ನಾಲ್ಕೈದು ಮನೆಯವರು ಸಹಿ ಹಾಕಿ. ಸ್ವೀಕೃತಿ ಪಡೆಯದೆ ಬರಬೇಡಿ. ಪೌರಾಡಳಿತ ಇಲಾಖೆಯ ಜನಹಿತ ಆ್ಯಪ್‌ನಲ್ಲೂ ಫೋಟೊ ಸಮೇತ ಹಾಕಬಹುದು.

ಅದೇ ಅರ್ಜಿಯಲ್ಲಿ ನೀರಿನ ಪರೀಕ್ಷೆಯನ್ನೂ ಕೇಳಿ. ನಳದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇದನ್ನು ನಿಮ್ಮ ಎದುರಿಗೇ ಐದು ನಿಮಿಷದಲ್ಲಿ ನೋಡಬಹುದು. ಸಣ್ಣ ಕೊಳವೆಯಲ್ಲಿ ನೀರು ಹಿಡಿದು ಔಷಧಿ ಹಾಕಿದರೆ ಬಣ್ಣ ಬರುತ್ತದೆ. ಟ್ಯಾಂಕಿನಲ್ಲಿ ಬಣ್ಣ ಬಂದು ನಿಮ್ಮ ನಳದಲ್ಲಿ ಬಾರದಿದ್ದರೆ, ಕ್ಲೋರಿನ್ ದಾರಿಯಲ್ಲಿ ಹೊಲಸಿನ ಜೊತೆ ಹೋರಾಡಿ ಮುಗಿದಿದೆ. ಕ್ರಿಮಿಗಳ ಪರೀಕ್ಷೆಗೆ ಎಚ್‌ಟುಎಸ್ ಬಾಟಲಿ ಇದೆ. ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಮಲದ ಕ್ರಿಮಿ ಸೇರಿರುವ ಸಂಶಯ ಬಲವಾಗುತ್ತದೆ. ಆಗ ಪ್ರಯೋಗಾಲಯಕ್ಕೆ ಕಳಿಸಬೇಕು.

ಉಕ್ಕುವ ಮ್ಯಾನ್‌ಹೋಲ್ ಇದ್ದರೆ ಅದನ್ನು ರಭಸದ ನೀರು ಹಾಯಿಸುವ ಜೆಟ್ಟಿಂಗ್ ಮಷಿನ್ ತರಿಸಿಯೇ ಬಿಡಿಸಬೇಕು. ನೂರಿನ್ನೂರು ರೂಪಾಯಿ ಕೊಟ್ಟು ಯಾರನ್ನಾದರೂ ಒಳಗೆ ಇಳಿಸುವುದು ಬೇಡವೇ ಬೇಡ. ಒಳಗಿನ ವಿಷಗಾಳಿ ಒಂದೆರಡು ಉಸಿರಿಗೇ ಪ್ರಾಣ ತೆಗೆಯಬಹುದು. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಮನುಷ್ಯರನ್ನು ಹಾಗೆ ಇಳಿಸುವುದು ಅಪರಾಧ, ಮನೆ ಮಾಲೀಕರಿಗೂ ಅದು ಅನ್ವಯಿಸುತ್ತದೆ.

ನಮ್ಮ ಓಣಿಯ ಹಾಳೆಯಲ್ಲಿ ವಾಸನೆ ಏಳನೇ ಮನೆಯಿಂದ ಶುರುವಾಗಿತ್ತು. ಮೊದಲ ಗುಂಡಿಯಲ್ಲಿ ಏನೂ ಸಿಗಲಿಲ್ಲ. ಎರಡನೆಯದರಲ್ಲಿ ಒಂದು ಸತ್ತ ಪೈಪು ಸಿಕ್ಕಿತು. ಆ ಮನೆಯವರು ಎಂದೋ ಹೊಸ ನಳ ಹಾಕಿಸಿಕೊಂಡಾಗ ಹಳೆಯದನ್ನು ಗಟಾರದ ಹತ್ತಿರ ಕತ್ತರಿಸಿ, ಬಾಯಿಗೆ ಚಿಂದಿ ತುರುಕಿ ಬಿಟ್ಟಿದ್ದರು. ಚಿಂದಿ ಕೊಳೆತು ಹೋಗಿತ್ತು. ಹಳೆಯ ಸಂಪರ್ಕ ಬೇಡವಾದಾಗ ಫೆರೂಲ್‌ನಲ್ಲೇ ಬಂದ್ ಮಾಡಿಸಬೇಕು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದೆಯೇ ಎಂದು ಇವತ್ತೇ ಹಿರಿಯರನ್ನು ಕೇಳಿ.

ದುರಸ್ತಿ ಆದ ಮೇಲೆ ಗುಂಡಿ ಮುಚ್ಚುವ ಮೊದಲು ಒಮ್ಮೆ ನೀರು ಬಿಡಿಸಿ ನೋಡಿ. ಓಣಿಯ ಕೊನೆಯ ನಳವನ್ನು ಹದಿನೈದು ನಿಮಿಷ ಹರಿಯಬಿಡಿ. ಸಂಪು, ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಉಜ್ಜಿ ತೊಳೆಯಿರಿ. ವಾಲ್ವ್‌ಮನ್‌ಗೆ ಹೇಳಿ ಕ್ಲೋರಿನ್ ಪರೀಕ್ಷೆಯನ್ನು ಕೊನೆಯ ಮನೆಯ ನಳದಲ್ಲೇ ಮಾಡಿಸಿ. ಬಣ್ಣ ಅಲ್ಲಿ ಬರುವವರೆಗೆ ಎಲ್ಲರೂ ಕುದಿಸಿಯೇ ಕುಡಿಯಿರಿ.