ಸ್ನ್ಯಾಪ್‌ಶಾಟ್‌ನಿಂದ ವರ್ಚುವಲ್ ಮಷೀನ್ ಆರಂಭಿಸುವಾಗ ವೇಗ ಮತ್ತು ನಿಖರತೆ ಎರಡನ್ನೂ ಉಳಿಸಿಕೊಳ್ಳುವ ಬಗೆ

ಮೊದಲು ಬೂಟ್‌ನ ಪ್ರತಿ ಹಂತದ ಸಮಯವನ್ನು ಅಳೆಯಿರಿ. ಬೇಡದ ಸಾಧನಗಳನ್ನು ಕೈಬಿಡುವುದು ಕಡಿಮೆ ಅಪಾಯದ ಉಳಿತಾಯ. 2018ರಲ್ಲಿ ಮುಕ್ತವಾಗಿ ಬಿಡುಗಡೆಯಾದ, ವರ್ಚುವಲ್ ಮಷೀನ್ ನಡೆಸುವ ತಂತ್ರಾಂಶ ಫೈರ್‌ಕ್ರ್ಯಾಕರ್ ಹಿಡಿದ ದಾರಿಯೂ ಇದೇ.

ನಿಜವಾದ ತೊಡಕು ಸ್ನ್ಯಾಪ್‌ಶಾಟ್‌ನಲ್ಲಿದೆ, ಅಂದರೆ ಓಡುತ್ತಿದ್ದ ಯಂತ್ರದ ಮೆಮೊರಿ ಮತ್ತು ಸ್ಥಿತಿಯನ್ನು ಉಳಿಸಿಟ್ಟ ಪ್ರತಿಯಲ್ಲಿದೆ. ಒಂದೇ ಸ್ನ್ಯಾಪ್‌ಶಾಟ್‌ನಿಂದ ಎರಡು ಯಂತ್ರಗಳನ್ನು ಆರಂಭಿಸಿದರೆ ಬೂಟ್‌ನ ಸಮಯವೇನೋ ಉಳಿಯುತ್ತದೆ, ಆದರೆ ಕರ್ನಲ್‌ನ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಯಾದೃಚ್ಛಿಕ ಸಂಖ್ಯಾ ಜನಕದ ಸ್ಥಿತಿಯೂ ನಕಲಾಗುವುದರಿಂದ ಎರಡರಲ್ಲೂ ಒಂದೇ ಗೂಢಲಿಪಿ ಕೀಲಿ ಹುಟ್ಟುವ ಸಂಭವವಿದೆ. ಇದನ್ನು ಸಣ್ಣ ದೋಷವೆಂದು ನಾನಂತೂ ಎಣಿಸಲಾರೆ. ಆದ್ದರಿಂದ ಯಂತ್ರ ಸ್ನ್ಯಾಪ್‌ಶಾಟ್‌ನಿಂದ ಆರಂಭವಾದಾಗ ಬದಲಾಗುವ ಗುರುತನ್ನು ಕರ್ನಲ್‌ಗೆ ತಿಳಿಸುವ ವರ್ಚುವಲ್ ಮಷೀನ್ ಜನರೇಷನ್ ಐಡಿ ಸಾಧನವನ್ನು ಒದಗಿಸಿ, ಎಕ್ಸ್86 ಯಂತ್ರದೊಳಗೆ ಲಿನಕ್ಸ್ 5.18 ಅಥವಾ ನಂತರದ ಕರ್ನಲ್ ಬಳಸಿ. ಐಡಿ ಬದಲಾದದ್ದು ತಿಳಿದೊಡನೆ ಕರ್ನಲ್ ಆ ಜನಕಕ್ಕೆ ಹೊಸ ಬೀಜ (ಆರಂಭಿಕ ಯಾದೃಚ್ಛಿಕ ಮೌಲ್ಯ) ತುಂಬುತ್ತದೆ. ಅಪ್ಲಿಕೇಷನ್‌ಗಳು ಮೆಮೊರಿಯಲ್ಲಿ ಆಗಲೇ ಇಟ್ಟುಕೊಂಡ ಕೀಲಿ, ಟೋಕನ್‌ಗಳಿಗೆ ಈ ರಕ್ಷಣೆ ತಲುಪದು. ಅವನ್ನು ಸ್ನ್ಯಾಪ್‌ಶಾಟ್‌ನಿಂದ ಯಂತ್ರ ಆರಂಭವಾದ ನಂತರವೇ ಸೃಷ್ಟಿಸಬೇಕು. ಗಡಿಯಾರವನ್ನೂ ಸರಿಪಡಿಸಿದ ಬಳಿಕವಷ್ಟೇ ಯಂತ್ರ ಸಿದ್ಧವಾಯಿತೆಂದು ಸಮಯ ದಾಖಲಿಸಿ.