ಗಂಡಿಕೋಟದವರೆಗೆ ನಮ್ಮ ಹೊಳೆ ಹಿಂದೆ

ಗೌರಿಬಿದನೂರಿನವರಿಗೆ ಪಿನಾಕಿನಿ ಅಂದರೆ ಹೆಚ್ಚು ದಿನ ಬರೀ ಮರಳು, ಜಾಲಿ ಗಿಡ. ಅದೇ ಹೊಳೆ ಆಂಧ್ರದ ಕಡಪ ಜಿಲ್ಲೆಗೆ ಹೋಗಿ, ಗಂಡಿಕೋಟ ಅನ್ನೋ ಹಳೇ ಕೋಟೆಯ ಪಕ್ಕ ಕಲ್ಲು ಸೀಳಿ ಕಣಿವೆ ಮಾಡಿದೆ ಅಂದರೆ ನಂಬೋದು ಹೇಗೆ? ನೋಡಿಯೇ ಬಿಡೋಣ ಅಂತ ಜನವರಿಯ ಒಂದು ಶನಿವಾರ ಬೆಳಗಿನ ಐದಕ್ಕೆ ಬೈಕ್ ಹತ್ತಿದೆ. ಒಬ್ಬನೇ. ಅಮ್ಮ ಗೊಣಗುತ್ತಲೇ ಚಪಾತಿ, ಕಡ್ಲೆಕಾಯಿ ಚಟ್ನಿಪುಡಿ ಕಟ್ಟಿಕೊಟ್ಟರು.

ಹಿಂದೂಪುರ, ಲೇಪಾಕ್ಷಿ, ಕೊಡಿಕೊಂಡ, ಗೋರಂಟ್ಲ, ಕದಿರಿ, ಪುಲಿವೆಂದುಲ, ಮುದ್ದನೂರು, ಜಮ್ಮಲಮಡುಗು. ಒಟ್ಟು 230 ಕಿಲೋಮೀಟರ್ ಆಸುಪಾಸು. ಪೆಟ್ರೋಲ್, ನೀರು ಎರಡನ್ನೂ ಜಮ್ಮಲಮಡುಗಿನಲ್ಲೇ ತುಂಬಿಸಿಕೊಳ್ಳಿ. ದಾರಿ ಕೇಳೋಕೆ ತೆಲುಗು ಬೇಕು, ಅದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾ!

ಕೋಟೆಯೊಳಗಿನ ಮಸೀದಿ, ಕಣಜ, ಮಾಧವರಾಯನ ಗುಡಿ ಎಲ್ಲ ಬೇಗ ನೋಡಿ ಮುಗಿಸಿದೆ. ನನಗೆ ಬೇಕಿದ್ದದ್ದು ಕಣಿವೆ. ನಮ್ಮ ನಂದಿ ಬೆಟ್ಟದ ಕಲ್ಲು ಬೋಳುತಲೆ ಥರ ದುಂಡಗೆ ಇರುತ್ತದೆ ಅಲ್ವಾ, ಇಲ್ಲಿಯದು ರೊಟ್ಟಿ ಒಂದರ ಮೇಲೊಂದು ಪೇರಿಸಿದ ಹಾಗೆ, ಕೆಂಪಗೆ, ಪದರ ಪದರ. ನೂರು ಕೋಟಿ ವರ್ಷಕ್ಕೂ ಹಿಂದೆ ಮರಳು ಕೂತು ಕೂತು ಮರಳುಗಲ್ಲಾಗಿ, ಆಮೇಲೆ ಇನ್ನೂ ಗಟ್ಟಿಯಾಗಿ ಕ್ವಾರ್ಟ್ಜೈಟ್ ಆದದ್ದು ಇದು. ಪದರಕ್ಕೆ ಸರಿಯಾಗಿ ಒಡೆಯುವುದರಿಂದ ಗೋಡೆ ನೆಟ್ಟಗೆ ನಿಂತಿದೆ, ಬಿದ್ದ ಚಪ್ಪಡಿಗಳೆಲ್ಲ ಇಳಿಜಾರಿನಲ್ಲಿ ಸಡಿಲವಾಗಿ ಕೂತಿವೆ.

ಟೆಂಟ್ ವಿಷಯದಲ್ಲಿ ಪೆದ್ದನಾದೆ. ಮನೆ ಹಿಂದಿನ ರಾಗಿ ಹೊಲದಲ್ಲಿ ಎರಡು ಸಲ ಹಾಕಿ ಕಲಿತಿದ್ದೆ, ಗೂಟ ಬೆಣ್ಣೆಗೆ ಚಾಕು ಇಳಿದ ಹಾಗೆ ಇಳಿದಿತ್ತು. ಇಲ್ಲಿ ಬರೀ ಬಂಡೆ! ನಾಲ್ಕು ಗೂಟ ಬಗ್ಗಿದ ಮೇಲೆ ಬುದ್ಧಿ ಬಂತು. ಅಂಚಿನಿಂದ ಐವತ್ತು ಹೆಜ್ಜೆ ಹಿಂದೆ ಸರಿದು, ಹಗ್ಗಗಳನ್ನು ಕಲ್ಲುಗಳಿಗೆ ಕಟ್ಟಿದೆ. ಅದೂ ಸಾಲಲಿಲ್ಲ. ರಾತ್ರಿ ಒಂದರ ಹೊತ್ತಿಗೆ ಕಣಿವೆಯಿಂದ ಗಾಳಿ ಎದ್ದು ಟೆಂಟ್ ಒಂದು ಕಡೆ ಮೇಲೇಳತೊಡಗಿತು, ನೀರಿನ ಕ್ಯಾನು, ಬ್ಯಾಗು, ಹೆಲ್ಮೆಟ್ಟು ಎಲ್ಲ ಆ ಮೂಲೆಗೆ ತುಂಬಿ, ಕೊನೆಗೆ ನಾನೂ ಅಲ್ಲೇ ಮುದುಡಿಕೊಂಡೆ. ನಿದ್ದೆ ಎಲ್ಲಿಂದ ಬರಬೇಕು? ಮುಂದಿನ ಸಲ ಹಗ್ಗ ಜಾಸ್ತಿ ಒಯ್ಯುತ್ತೇನೆ, ಗೂಟ ಮನೆಯಲ್ಲೇ ಇರಲಿ.

ಬೆಳಿಗ್ಗೆ ಕೋತಿಯೊಂದು ಚಟ್ನಿಪುಡಿ ಪೊಟ್ಟಣ ಎತ್ತಿಕೊಂಡು ಹೋಯಿತು. ಖಾರ ಹತ್ತಿರಬೇಕು, ಪಾಪ.

ಬಿಸಿಲೇರುವ ಮುಂಚೆ ನೀರಿನವರೆಗೆ ಇಳಿದೆ. ಪ್ರತಿ ಚಪ್ಪಡಿಯನ್ನೂ ಕಾಲಲ್ಲಿ ಅಲ್ಲಾಡಿಸಿ ನೋಡಿ ಆಮೇಲೆ ಭಾರ ಹಾಕುತ್ತಿದ್ದೆ, ಒಬ್ಬನೇ ಇರುವಾಗ ಕಾಲು ಉಳುಕಿದರೆ ಕೇಳುವವರಿಲ್ಲ. ಕೆಳಗೆ ಹಸಿರು ನೀರು ತುಂಬಿಕೊಂಡಿತ್ತು. ಮುಖ ತೊಳೆದು, ಅಮ್ಮನಿಗೆ ತೋರಿಸೋಣ ಅಂತ ಒಂದು ಬಾಟಲಿ ತುಂಬಿಕೊಂಡೆ.

ಮೇಲೆ ಟೀ ಅಂಗಡಿಯ ತಾತನಿಗೆ ಇದು ನಮ್ಮೂರ ಹೊಳೆ ಅಂತ ಜಂಬದಿಂದ ಹೇಳಿದೆ. ಅವರು ನಕ್ಕರು. ಹೊಳೆ ನಿಮ್ಮದೇ ಇರಬಹುದು ನಾಯನಾ, ಮೇಲಿನ ಡ್ಯಾಮಿಗೆ ಶ್ರೀಶೈಲದಿಂದ ಕಾಲುವೆಯಲ್ಲಿ ಕೃಷ್ಣಾ ನೀರು ಬರುತ್ತದೆ, ಇಲ್ಲಿಗೆ ಬಿಡುವುದೂ ಅದನ್ನೇ ಅಂದರು. ಬಾಟಲಿ ಮಾತ್ರ ಮನೆಗೆ ತಂದೆ. ಕೃಷ್ಣಾ ವಿಷಯ ಅಮ್ಮನಿಗೆ ಇನ್ನೂ ಹೇಳಿಲ್ಲ.