ಪೈಥಾನ್ ಇಲ್ಲದ ಕಂಪ್ಯೂಟರಿಗೆ ಪೈಥಾನ್ ಪ್ರೋಗ್ರಾಂ ಕೊಡುವಾಗ
ಮಂಡ್ಯದ ಆಲೆಮನೆಯವರ ಬೆಲ್ಲದ ತೂಕ, ಬಟವಾಡೆಯ ಲೆಕ್ಕಕ್ಕೆಂದು ಬರೆದ ಸಣ್ಣ ಪೈಥಾನ್ ಪ್ರೋಗ್ರಾಂ ಅವರ ವಿಂಡೋಸ್ ಕಂಪ್ಯೂಟರಿನಲ್ಲಿ ಪೈಥಾನ್ ಇಲ್ಲದೆಯೇ ನಡೆಯಬೇಕಾದರೆ, ಪೈಇನ್‌ಸ್ಟಾಲರ್ ಎಂಬ ಸಾಧನ ಬಳಸಿ ಇಎಕ್ಸ್‌ಇ (ನೇರವಾಗಿ ತೆರೆದು ನಡೆಸಬಹುದಾದ ಫೈಲು) ಮಾಡಿಕೊಡುವುದು ಸೂಕ್ತ. ಇದನ್ನು ವಿಂಡೋಸ್‌ನಲ್ಲೇ ಮಾಡಬೇಕು. ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ (ಈ ಪ್ರೋಗ್ರಾಮಿಗಷ್ಟೇ ಮೀಸಲಾದ ಪ್ರತ್ಯೇಕ ಪೈಥಾನ್ ಜಾಗದಲ್ಲಿ) ಬೇಕಾದ ಲೈಬ್ರರಿಗಳನ್ನಷ್ಟೇ ಹಾಕಿಕೊಂಡರೆ ಫೈಲಿನ ಗಾತ್ರ ಅನಗತ್ಯವಾಗಿ ಬೆಳೆಯುವುದಿಲ್ಲ.

ಎಲ್ಲವನ್ನೂ ಒಂದೇ ಫೈಲಿನಲ್ಲಿ ತುಂಬುವ ‘ಒನ್‌ಫೈಲ್’ ಆಯ್ಕೆ ನೋಡಲು ಅಚ್ಚುಕಟ್ಟಾದರೂ, ಅದು ತೆರೆದಾಗಲೆಲ್ಲ ತನ್ನೊಳಗಿನದನ್ನು ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿಕೊಂಡು ಮುಚ್ಚುವಾಗ ಅಳಿಸಿಹಾಕುವುದರಿಂದ, ಲೆಕ್ಕದ ಫೈಲನ್ನು ಸ್ಕ್ರಿಪ್ಟ್ ಇರುವ ಜಾಗದಲ್ಲೇ ಉಳಿಸುವಂತೆ ಬರೆದಿದ್ದರೆ ದಿನದ ಲೆಕ್ಕವೆಲ್ಲ ಅದರೊಂದಿಗೇ ಹೋಗುತ್ತದೆ. ಆದ್ದರಿಂದ ಉಳಿಸುವ ದಾರಿಯನ್ನು ‘ಸಿಸ್.ಎಕ್ಸಿಕ್ಯೂಟಬಲ್’ (ಇಎಕ್ಸ್‌ಇ ಎಲ್ಲಿದೆ ಎಂದು ಹೇಳುವ sys.executable) ತೋರಿಸುವ ಫೋಲ್ಡರಿನಿಂದ ಪಡೆಯಿರಿ. ಇದನ್ನು ದಯವಿಟ್ಟು ಕಡೆಗಣಿಸಬೇಡಿ. ಆಂಟಿವೈರಸ್ ಅನುಮಾನಿಸಿ ತಡೆದರೆ ಎಲ್ಲವನ್ನೂ ಬಿಚ್ಚಿಯೇ ಒಂದು ಫೋಲ್ಡರಿನಲ್ಲಿಡುವ ‘ಒನ್‌ಡಿರ್’ ಆಯ್ಕೆಯಲ್ಲಿ ಮಾಡಿ ನೋಡಿ; ನನ್ನ ಮಟ್ಟಿಗೆ ಅದೇ ಮೇಲು, ಬೇಗ ತೆರೆದುಕೊಳ್ಳುತ್ತದೆ. ಅಲ್ಲಿರುವುದು ಇನ್ನೂ ವಿಂಡೋಸ್ 7 ಆಗಿದ್ದರೆ ಪೈಥಾನ್ 3.8ರಲ್ಲೇ ಕಟ್ಟಬೇಕು, 3.9ರಿಂದಾಚೆಗಿನವು ಅದರಲ್ಲಿ ನಡೆಯುವುದಿಲ್ಲ.